ಮೊಳಕೆ ಮೊದಲು ನಮ್ಮ ಮನೆಗೆ, ಆಮೇಲೆ ಮಾರ್ಕೆಟ್‌ಗೆ

ಗೆಳೆಯರೇ, ಈ ವಾರ ಸ್ವಲ್ಪ ಖಾರವಾಗೇ ಮಾತಾಡ್ತೀನಿ.

ಮೊಳಕೆ ಕಾಳು, ಮೊಳಕೆ ರಾಗಿ ಹಿಟ್ಟು, ಮಾಲ್ಟ್ ಪುಡಿ ಇವೆಲ್ಲ ಈಗ ಪೇಟೆಯವರ ಆಹಾರ ಆಗಿಬಿಟ್ಟಿವೆ. ಬೆಂಗಳೂರಿನ ಅಂಗಡಿಗಳಲ್ಲಿ ಚಂದದ ಡಬ್ಬಿಯೊಳಗೆ ಕೂತಿವೆ. ಫೋನ್ ತೆಗೆದರೆ ರೀಲ್ಸ್‌ನಲ್ಲೂ ಅದೇ. ಆದರೆ ಆ ರಾಗಿ ಬೆಳೆಯೋ ನಮ್ಮ ಊರುಗಳಲ್ಲಿ ಎಷ್ಟು ಮನೆಯಲ್ಲಿ ವಾರಕ್ಕೊಮ್ಮೆಯಾದರೂ ರಾಗಿ ಮೊಳಕೆ ಕಟ್ಟುತ್ತಾರೆ? ನಾನು ನೋಡಿದ ಮಟ್ಟಿಗೆ ತೀರಾ ಕಡಿಮೆ. ರಾಗಿ ಚೀಲ ಖರೀದಿ ಕೇಂದ್ರಕ್ಕೆ ಹೋಗುತ್ತೆ, ಮಗುವಿಗೆ ಮಾತ್ರ ಪೇಟೆಯಿಂದ ಬಣ್ಣದ ಪ್ಯಾಕೆಟ್ಟು ಬರುತ್ತೆ. 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅಂದರೆ ಕೆ.ಜಿ.ಗೆ 49 ರೂಪಾಯಿಯೂ ಇಲ್ಲ. ಅದೇ ರಾಗಿ ನೀರು, ಬಟ್ಟೆ, ಬಿಸಿಲು ಕಂಡು ಪುಡಿಯಾಗಿ ನಮ್ಮ ಮನೆಗೇ ವಾಪಸ್ ಬರುವಾಗ ಅದರ ಹಲವು ಪಟ್ಟು ಕೊಟ್ಟು ತರುತ್ತೇವೆ.

ದುಡ್ಡಿನ ಲೆಕ್ಕ ಹಾಗಿರಲಿ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯೋದು ನಮ್ಮ ಕರ್ನಾಟಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಇದೇ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ. ಇದಕ್ಕೆ ಕಾರಣ ಒಂದೇ ಅಲ್ಲ. ಜಂತುಹುಳ, ಪದೇ ಪದೇ ಬರೋ ಭೇದಿ, ತಟ್ಟೆಯಲ್ಲಿ ಸೊಪ್ಪು-ಮೊಟ್ಟೆ ಇಲ್ಲದಿರೋದು ಎಲ್ಲ ಸೇರಿದೆ. ಮೊಳಕೆ ಕಟ್ಟಿದ ತಕ್ಷಣ ಇದೆಲ್ಲ ಮಾಯವಾಗುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ತಿಂದ ಕಾಳಿನಲ್ಲಿರೋ ಕಬ್ಬಿಣ, ಸತು ದೇಹಕ್ಕೆ ಸ್ವಲ್ಪ ಹೆಚ್ಚು ದಕ್ಕುವಂತೆ ಮಾಡೋ ಅಗ್ಗದ ದಾರಿಗಳಲ್ಲಿ ಇದೂ ಒಂದು. ಅದನ್ನ ನಾವೇ ಬಿಟ್ಟುಕೊಟ್ಟು ಕೂತಿದ್ದೇವೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಮೊಳಕೆ ಮೊದಲು ನಮ್ಮ ಅಡುಗೆ ಮನೆಗೆ ಬರಲಿ. ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದು ನಮಗೆ ಸರಿಯಾಗಿ ಗೊತ್ತಾಗಲಿ. ಮಾರೋ ಮಾತು ಆಮೇಲೆ.

ಕಾಳಿನ ಒಳಗೆ ನಡೆಯೋದೇನು?

ತೋಟಗಾರಿಕೆ ಓದುವಾಗ ನಮಗೆ ಮೊಳಕೆ ಅಂದರೆ ಬೀಜದ ಪಾಠ. ಅಡುಗೆ ಮನೆ ಮೊಳಕೆಯೂ ಅದೇ ಪಾಠ.

ಕಾಳು ಅಂದರೆ ಮುಂದಿನ ಗಿಡಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. ಪಿಷ್ಟ, ಪ್ರೋಟೀನ್, ಖನಿಜ ಎಲ್ಲ ಅದರಲ್ಲಿ ಬೀಗ ಹಾಕಿಟ್ಟಿರುತ್ತೆ. ರಂಜಕವನ್ನ ಕಾಳು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತೆ. ಈ ಫೈಟಿಕ್ ಆಮ್ಲ ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ನಾವು ಹಾಗೇ ತಿಂದರೆ ಅದರಲ್ಲಿ ಒಂದಷ್ಟು ಪಾಲು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತೆ.

ಕಾಳು ನೀರು ಕುಡಿದ ತಕ್ಷಣ ಒಳಗೆ ಕೆಲಸ ಶುರು. ಫೈಟೇಸ್ ಅನ್ನೋ ಕಿಣ್ವ ಫೈಟಿಕ್ ಆಮ್ಲವನ್ನ ಒಡೆಯುತ್ತಾ ಹೋಗುತ್ತೆ, ಹಿಡಿದಿಟ್ಟ ಖನಿಜ ಸಡಿಲವಾಗುತ್ತೆ. ಅಮೈಲೇಸ್ ಅನ್ನೋ ಇನ್ನೊಂದು ಕಿಣ್ವ ಪಿಷ್ಟವನ್ನ ಸಣ್ಣ ಸಣ್ಣ ಸಕ್ಕರೆಗಳಾಗಿ ಕತ್ತರಿಸುತ್ತೆ. ಮೊಳಕೆ ಸ್ವಲ್ಪ ಸಿಹಿ ಅನಿಸೋದು ಅದಕ್ಕೇ. ಒಣ ಕಾಳಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದ ವಿಟಮಿನ್ ಸಿ ಹೊಸದಾಗಿ ತಯಾರಾಗುತ್ತೆ. ಹುರುಳಿ, ಕಡಲೆಯಂಥ ಕಾಳುಗಳಲ್ಲಿ ಹೊಟ್ಟೆ ಉಬ್ಬರಿಸೋ ಕೆಲವು ಸಕ್ಕರೆಗಳೂ ಕಡಿಮೆ ಆಗುತ್ತವೆ.

ಇನ್ನು ಏನು ನಡೆಯಲ್ಲ ಅನ್ನೋದನ್ನೂ ಹೇಳಬೇಕು. ‘ಮೊಳಕೆ ಕಟ್ಟಿದರೆ ಪ್ರೋಟೀನ್ ಹತ್ತು ಪಟ್ಟು, ಕ್ಯಾಲ್ಸಿಯಂ ಇಪ್ಪತ್ತು ಪಟ್ಟು’ ಅಂತ ಫಾರ್ವರ್ಡ್ ಮೆಸೇಜ್ ಓಡಾಡ್ತಾ ಇರುತ್ತೆ. ದಯವಿಟ್ಟು ನಂಬಬೇಡಿ, ಮುಂದೆ ಕಳಿಸಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದು ಬೇರೆಲ್ಲ ಧಾನ್ಯಗಳಿಗಿಂತ ಜಾಸ್ತಿ, ಆ ಹೆಮ್ಮೆ ಸಾಕು. ನೆಲ ಇಲ್ಲ, ಗೊಬ್ಬರ ಇಲ್ಲ, ಬರೀ ಒದ್ದೆ ಬಟ್ಟೆಯೊಳಗೆ ಹೊಸ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಮೊಳಕೆ ಹೊಸದಾಗಿ ಖನಿಜ ತಂದುಕೊಡಲ್ಲ, ಇರೋದನ್ನ ಬಿಡಿಸಿಕೊಡುತ್ತೆ. ಪ್ರೋಟೀನ್ ಕೂಡ ಅಷ್ಟೇ. ಮೊಳೆಯುವಾಗ ಕಾಳು ಉಸಿರಾಡಿ ಸ್ವಲ್ಪ ಪಿಷ್ಟ ಸುಟ್ಟುಕೊಳ್ಳುತ್ತೆ, ಅದಕ್ಕೇ ಒಣ ತೂಕದಲ್ಲಿ ಪ್ರೋಟೀನ್ ಶೇಕಡಾವಾರು ಸ್ವಲ್ಪ ಏರಿದಂಗೆ ಕಾಣುತ್ತೆ. ಹಸಿ ಮೊಳಕೆಯ ತೂಕ ನೋಡಿದರೆ ಅರ್ಧಕ್ಕಿಂತ ಹೆಚ್ಚು ನೀರೇ.

ಮಗುವಿನ ಗಂಜಿ ತೆಳುವಾಗೋ ಗುಟ್ಟು

ಮೊಳಕೆ ರಾಗಿಯ ನಿಜವಾದ ದೊಡ್ಡ ಉಪಯೋಗ ಚಿಕ್ಕ ಮಕ್ಕಳಿಗೆ. ಇದನ್ನ ಬಹಳ ಜನ ಗಮನಿಸಿಲ್ಲ.

ಆರು ತಿಂಗಳು ತುಂಬಿದ ಮಗುವಿಗೆ ತಾಯಿ ಹಾಲಿನ ಜೊತೆಗೆ ರಾಗಿ ಸರಿ ಶುರು ಮಾಡ್ತೀವಿ. ಮಲೆನಾಡು, ಕರಾವಳಿ ಕಡೆ ರಾಗಿ ಮಣ್ಣಿ. ಸಾಮಾನ್ಯ ಹಿಟ್ಟು ಬೇಯಿಸಿದರೆ ಪಿಷ್ಟ ನೀರು ಹೀರಿ ಗಟ್ಟಿಯಾಗುತ್ತೆ. ಗಟ್ಟಿಯಾದರೆ ಮಗು ನುಂಗಲ್ಲ. ನುಂಗಲಿ ಅಂತ ಅಮ್ಮ ನೀರು ಸೇರಿಸ್ತಾಳೆ. ಮಗುವಿನ ಹೊಟ್ಟೆ ಅದರ ಮುಷ್ಟಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ. ಆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತೆ, ಹಿಟ್ಟು ಹೋಗಿರೋದು ಒಂದು ಚಮಚ.

ಮೊಳಕೆ ಕಟ್ಟಿದ ರಾಗಿ ಹಿಟ್ಟಿನಲ್ಲಿ ಅಮೈಲೇಸ್ ಇರುತ್ತೆ. ಗಂಜಿ ಬಿಸಿಯಾಗುತ್ತಾ ಬಂದಂತೆ ಅದು ಪಿಷ್ಟವನ್ನ ಕತ್ತರಿಸಿ ತೆಳುವಾಗಿಸುತ್ತೆ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಕುಡಿಯೋ ಹದದಲ್ಲೇ ಉಳಿಯುತ್ತೆ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಎಚ್.ಎಸ್.ಆರ್. ದೇಶಿಕಾಚಾರ್, ಎನ್.ಜಿ. ಮಲ್ಲೇಶಿ ಅವರು ರಾಗಿ ಮಾಲ್ಟ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದು, ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರು 1980ರ ದಶಕದಲ್ಲಿ ಮೊಳಕೆ ಹಿಟ್ಟನ್ನ ಮಕ್ಕಳ ಗಂಜಿಗೆ ಬಳಸೋ ಬಗ್ಗೆ ಸಂಶೋಧನೆ ಮಾಡಿದ್ದು ಇದೇ ಕಾರಣಕ್ಕೆ. ಇದು ಹೊರದೇಶದಿಂದ ಬಂದ ಫ್ಯಾಶನ್ ಅಲ್ಲ, ನಮ್ಮ ನೆಲದ ಕಾಳಿನ ಮೇಲೆ ನಮ್ಮವರೇ ಮಾಡಿದ ವಿಜ್ಞಾನ.

ಬಳಸೋದು ಹೀಗೆ. ಮೊಳಕೆ ಹಿಟ್ಟನ್ನ ತಣ್ಣೀರಲ್ಲಿ ಗಂಟಿಲ್ಲದಂಗೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ನಿಧಾನಕ್ಕೆ ಬಿಸಿ ಮಾಡಿ, ಕೊನೆಗೆ ಚೆನ್ನಾಗಿ ಕುದಿಸಿ. ಕುದಿಯೋ ನೀರಿಗೆ ಒಮ್ಮೆಲೇ ಸುರಿದರೆ ಕಿಣ್ವ ಕೆಲಸ ಮಾಡೋ ಮೊದಲೇ ಸತ್ತುಹೋಗುತ್ತೆ. ಇನ್ನೊಂದು ದಾರಿ: ಮಾಮೂಲಿ ಹಿಟ್ಟಿನ ಗಂಜಿ ಮಾಡಿ, ಇಳಿಸಿ, ಸ್ವಲ್ಪ ಆರಿದ ಮೇಲೆ ಅರ್ಧ ಚಮಚ ಮೊಳಕೆ ಹಿಟ್ಟು ಸೇರಿಸಿ ಕಲಕಿ. ಐದು ಹತ್ತು ನಿಮಿಷದಲ್ಲಿ ಗಂಜಿ ತೆಳುವಾಗೋದು ಕಣ್ಣಿಗೇ ಕಾಣುತ್ತೆ. ಆಮೇಲೆ ಮತ್ತೆ ಎರಡು ಮೂರು ನಿಮಿಷ ಕುದಿಸಲೇಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಮೊಳಕೆ ರಾಗಿಯನ್ನ ಘಮ ಬರೋವರೆಗೆ ಕೆಂಪಗೆ ಹುರಿದರೆ ರುಚಿ ಹೆಚ್ಚುತ್ತೆ, ಆದರೆ ಗಂಜಿ ತೆಳುವಾಗಿಸೋ ಶಕ್ತಿ ಹೋಗುತ್ತೆ. ದೊಡ್ಡವರ ಅಂಬಲಿ, ಮಾಲ್ಟ್‌ಗೆ ಹುರಿದದ್ದು ಆಗುತ್ತೆ. ಮಗುವಿಗೆ ಅಂತಾದರೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬಾಣಲೆಯಲ್ಲಿ ಬರೀ ಬೆಚ್ಚಗೆ ಮಾಡಿ ಸಾಕು.

‘ನಮ್ಮಜ್ಜಿ ಮೊಳಕೆ ಕಟ್ಟದೇನೇ ಗಟ್ಟಿಯಾಗಿದ್ರಲ್ಲ?’

ಈ ಮಾತು ಎಲ್ಲ ಕಡೆ ಕೇಳುತ್ತೆ. ಅರ್ಧ ನಿಜ ಕೂಡ. ಮುದ್ದೆಗೆ ಮೊಳಕೆ ರಾಗಿ ಬೇಕಾಗಿಲ್ಲ, ಆಗಿಬರೋದೂ ಇಲ್ಲ. ಪಿಷ್ಟ ಒಡೆದುಹೋದ ಹಿಟ್ಟಿನಲ್ಲಿ ಮುದ್ದೆ ಕಟ್ಟೋಕೆ ಹೋದರೆ ಅಂಟಂಟಾಗಿ ಕೋಲಿಗೇ ಹತ್ತಿಕೊಳ್ಳುತ್ತೆ. ಮುದ್ದೆ ಮುದ್ದೆಯಾಗೇ ಇರಲಿ.

ಆದರೆ ಅಜ್ಜಿ ಬರೀ ಮುದ್ದೆ ತಿನ್ನಲಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು ಇರುತ್ತಿತ್ತು. ಬದುವಿನ ಬೆರಕೆ ಸೊಪ್ಪು ಬಸ್ಸಾರಿಗೆ ಬರುತ್ತಿತ್ತು. ಮಳೆಗಾಲದಲ್ಲಿ ಹುರುಳಿಕಾಳು ಮೊಳಕೆ ಕಟ್ಟಿ ಸಾರು ಮಾಡ್ತಿದ್ರು. ಹೆಸರುಕಾಳು ಉಸ್ಲಿ ಆಗುತ್ತಿತ್ತು. ಹೈದರಾಬಾದ್ ಕರ್ನಾಟಕ, ಮುಂಬೈ ಕರ್ನಾಟಕ ಅಂತ ನಾವು ಕರೀತಿದ್ದ ಕಡೆ ಮಡಕಿಕಾಳು ಮೊಳಕೆ ಇಲ್ಲದೆ ಜೋಳದ ರೊಟ್ಟಿ ಊಟವೇ ಪೂರ್ತಿ ಆಗುತ್ತಿರಲಿಲ್ಲ. ಈಗ ನಮ್ಮ ಹೊಲದಿಂದ ಅಕ್ಕಡಿ ಸಾಲು ಹೋಯ್ತು, ಸೊಪ್ಪು ಕಳೆನಾಶಕಕ್ಕೆ ಹೋಯ್ತು, ಸಾರಿಗೆ ಬರೀ ಬೇಳೆ-ಟೊಮೆಟೊ ಉಳೀತು. ಅಜ್ಜಿಯ ತಟ್ಟೆಯ ಅರ್ಧ ಭಾಗ ತೆಗೆದುಹಾಕಿ ಅಜ್ಜಿಯ ಗಟ್ಟಿತನ ಕೇಳಿದರೆ ಹೇಗೆ?

ಮನೆಯಲ್ಲಿ ರಾಗಿ ಮೊಳಕೆ ಕಟ್ಟೋದು

ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ನಾಲ್ಕು ಕೆ.ಜಿ. ಕಟ್ಟುತ್ತೇವೆ. ಕ್ರಮ ಹೀಗಿದೆ.

1. ಕಲ್ಲು, ಮಣ್ಣು, ಜೊಳ್ಳು ಹೋಗೋ ಹಾಗೆ ಕೇರಿ, ನಾಲ್ಕೈದು ನೀರಲ್ಲಿ ತೊಳೀರಿ. ಟಾರ್ ರಸ್ತೆ ಮೇಲೆ ಒಕ್ಕಣೆ ಮಾಡಿದ ರಾಗಿಯನ್ನ ಇದಕ್ಕೆ ಬಳಸಲೇಬೇಡಿ. ಕಣದಲ್ಲೋ ಟಾರ್ಪಾಲ್ ಮೇಲೋ ಒಕ್ಕಿದ್ದನ್ನ ಬೇರೆ ಎತ್ತಿಡಿ.

2. ಕುಡಿಯೋ ನೀರಲ್ಲಿ 10ರಿಂದ 12 ಗಂಟೆ ನೆನೆಸಿ. ಮಧ್ಯೆ ಒಮ್ಮೆ ನೀರು ಬದಲಾಯಿಸಿ.

3. ನೀರು ಪೂರ್ತಿ ಬಸಿದು, ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೆರಳಲ್ಲಿ ನೇತುಹಾಕಿ. ಬಟ್ಟೆ ಒಣಗಬಾರದು, ನೀರು ಸೋರುತ್ತಾನೂ ಇರಬಾರದು. ದಿನಕ್ಕೆ ಮೂರು ಸಲ ನೀರು ಚಿಮುಕಿಸಿ ಕಾಳನ್ನ ಸ್ವಲ್ಪ ಅಲ್ಲಾಡಿಸಿ. ಒಳಗೆ ಬಿಸಿ ಏರಿದರೆ ಹುಳಿ ವಾಸನೆ ಬರುತ್ತೆ.

4. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ. ಬಿಳಿ ಮೊಳಕೆ ಕಾಳಿನಷ್ಟೇ ಉದ್ದ ಅಥವಾ ಸ್ವಲ್ಪ ಜಾಸ್ತಿ ಬಂದರೆ ನಿಲ್ಲಿಸಿ. ಹಸಿರಾಗೋವರೆಗೆ ಬಿಟ್ಟರೆ ಕಹಿ, ತೂಕವೂ ನಷ್ಟ.

5. ತೆಳುವಾಗಿ ಹರಡಿ ಒಳ್ಳೆ ಬಿಸಿಲಲ್ಲಿ ಒಣಗಿಸಿ. ಹಲ್ಲಲ್ಲಿ ಕಡಿದರೆ ‘ಕಟ್’ ಅನ್ನಬೇಕು. ಮೋಡ ಇರೋ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅರೆ ಒಣಗಿದ ಮೊಳಕೆಗೆ ಬೂಷ್ಟು ಬರೋದು ಖಂಡಿತ. ಬೂಷ್ಟು ಬಂದದ್ದನ್ನ ತೊಳೆದು ಬಳಸೋದು, ದನಕ್ಕೆ ಹಾಕೋದು ಎರಡೂ ತಪ್ಪು. ಗೊಬ್ಬರದ ಗುಂಡಿಗೆ ಹಾಕಿ.

6. ಅಂಗೈಯಲ್ಲಿ ಉಜ್ಜಿ, ಒಣ ಮೊಳಕೆ ಬೇರು ಉದುರಿಸಿ, ಮೊರದಲ್ಲಿ ಕೇರಿ, ಬೀಸಿಸಿ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿ.

ಹೆಸರು, ಹುರುಳಿ, ಮಡಕಿ, ಅಲಸಂದೆ ಇನ್ನೂ ಸುಲಭ. ರಾತ್ರಿ ನೆನೆಸಿ ಬೆಳಿಗ್ಗೆ ಕಟ್ಟಿದರೆ ಮಾರನೇ ದಿನಕ್ಕೆ ಸಿದ್ಧ. ಹುರುಳಿ ಸ್ವಲ್ಪ ತಡ. ನೆನಪಿರಲಿ, ಬೇಳೆ ಮಾಡಿದ ಕಾಳು ಮೊಳೆಯಲ್ಲ. ಸಿಪ್ಪೆ ತೆಗೆದು ಪಾಲಿಶ್ ಮಾಡಿದ ಸಿರಿಧಾನ್ಯದ ಅಕ್ಕಿಯೂ ಮೊಳಕೆಗೆ ಆಗಲ್ಲ.

ಬೇಯಿಸಿದ ಮೊಳಕೆಗೆ ಕೊನೆಯಲ್ಲಿ ನಿಂಬೆ ಹಿಂಡಿ, ಕಾಯಿತುರಿ-ಕೊತ್ತಂಬರಿ ಹಾಕಿ. ಬೇಯಿಸುವಾಗ ಮೊಳಕೆಯ ವಿಟಮಿನ್ ಸಿ ಒಂದಷ್ಟು ಹೋಗುತ್ತೆ, ನಿಂಬೆ ಆ ಜಾಗ ತುಂಬುತ್ತೆ, ಕಬ್ಬಿಣ ಹೀರಿಕೊಳ್ಳೋಕೆ ಅನುಕೂಲ. ಊಟದ ಜೊತೆ, ಊಟ ಆದ ಕೂಡಲೇ ಕಾಫಿ-ಟೀ ಬೇಡ. ಅದು ಕಬ್ಬಿಣಕ್ಕೆ ಅಡ್ಡಗಾಲು. ಹಾಗೇ ಮನೆಯಲ್ಲಿ ಯಾರಿಗಾದರೂ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಮೊಳಕೆ ತಿಂತೀವಿ ಅಂತ ಅದನ್ನ ನಿಲ್ಲಿಸಬೇಡಿ.

ಮೂರು ಎಚ್ಚರಿಕೆ, ಇದರಲ್ಲಿ ರಾಜಿ ಇಲ್ಲ

ಒಂದು, ಬಿತ್ತನೆ ಬೀಜ. ಅಂಗಡಿಯಿಂದ ತಂದ ಬಿತ್ತನೆ ಬೀಜಕ್ಕೆ ಥೈರಾಮ್, ಕಾರ್ಬೆಂಡಜಿಮ್‌ನಂಥ ಔಷಧಿ ಬೆರೆಸಿರ್ತಾರೆ. ಗುರುತಿಗೆ ಗುಲಾಬಿ, ನೀಲಿ, ಹಸಿರು ಬಣ್ಣ ಇರುತ್ತೆ. ಬಿತ್ತಿ ಉಳಿದ ಅರ್ಧ ಕೆ.ಜಿ. ಹೆಸರುಕಾಳನ್ನ ತೊಳೆದು ಮೊಳಕೆ ಕಟ್ಟೋಣ ಅನ್ನೋ ಯೋಚನೆಯೇ ಬೇಡ. ತೊಳೆದರೆ ಬಣ್ಣ ಹೋಗಬಹುದು, ವಿಷ ಹೋಗುತ್ತೆ ಅಂತ ಹೇಳೋಕಾಗಲ್ಲ. ಮನೆಯಲ್ಲಿ ಬೀಜದ ಡಬ್ಬಿ, ಅಡುಗೆ ಡಬ್ಬಿ ಬೇರೆ ಬೇರೆ ಕಡೆ ಇರಲಿ.

ಎರಡು, ಜೋಳ. ಎಳೆ ಜೋಳದ ಬೆಳೆ ಮೇಯ್ದು ದನ ಸತ್ತ ಕಥೆ ಉತ್ತರ ಕರ್ನಾಟಕದ ಪ್ರತಿ ಊರಲ್ಲೂ ಇದೆ. ಎಳೆ ಜೋಳದಲ್ಲಿರೋ ಧುರಿನ್ ಅನ್ನೋ ವಸ್ತು ಹೊಟ್ಟೆಯೊಳಗೆ ಸಯನೈಡ್ ಬಿಡುತ್ತೆ. ಜೋಳದ ಮೊಳಕೆಯಲ್ಲೂ ಅದೇ ವಸ್ತು ಇದೆ. ರಾಗಿ ಆಗುತ್ತೆ ಅಂದಮೇಲೆ ಜೋಳವೂ ಆಗುತ್ತೆ ಅಂತ ಹಸಿ ಜೋಳದ ಮೊಳಕೆ ತಿನ್ನೋಕೆ ಹೋಗಬೇಡಿ. ಮನೆ ಮಟ್ಟಿಗೆ ಜೋಳವನ್ನ ರೊಟ್ಟಿ, ಸಂಗಟಿ, ಅಂಬಲಿಗೇ ಬಿಟ್ಟುಬಿಡಿ. ರಾಜ್ಮಾ ಕಾಳೂ ಹಾಗೇ, ಹಸಿ ಮೊಳಕೆಯಾಗಿ ಬೇಡವೇ ಬೇಡ.

ಮೂರು, ಹಸಿ ಮೊಳಕೆ. ಇದನ್ನ ಸಾವಯವ ಕೃಷಿಕರಾದ ನಾವು ಮುಖ್ಯವಾಗಿ ಕೇಳಿಸಿಕೊಳ್ಳಬೇಕು. 2011ರ ಮೇ-ಜೂನ್‌ನಲ್ಲಿ ಜರ್ಮನಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಿಂದ ದೊಡ್ಡ ಅನಾಹುತ ಆಯ್ತು. ಸುಮಾರು 4,000 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನರ ಮೂತ್ರಪಿಂಡ ಕೆಟ್ಟಿತು. ಮೊದಲು ಸ್ಪೇನ್ ದೇಶದ ಸೌತೆಕಾಯಿ ಮೇಲೆ ಅನುಮಾನ ಬಂತು. ತಪ್ಪೇ ಮಾಡದ ಅಲ್ಲಿನ ರೈತರ ಬೆಳೆ ಕೊಳ್ಳೋರಿಲ್ಲದೆ ಹಾಳಾಯ್ತು. ಕೊನೆಗೆ ಮೂಲ ಸಿಕ್ಕಿದ್ದು ಮೊಳಕೆ ಕಟ್ಟಿದ ಮೆಂತ್ಯದಲ್ಲಿ. ಆ ಮೊಳಕೆ ಬಂದಿದ್ದು ಒಂದು ಸಾವಯವ ತೋಟದಿಂದ.

ಇದರ ಅರ್ಥ ಸಾವಯವ ಕೆಟ್ಟದ್ದು ಅಂತಲ್ಲ. ರಾಸಾಯನಿಕ ಇಲ್ಲ ಅಂದ ಮಾತ್ರಕ್ಕೆ ರೋಗಾಣು ಇಲ್ಲ ಅಂತ ಆಗಲ್ಲ, ಅಷ್ಟೇ. ನಾವು ಸಗಣಿ, ಗಂಜಲ, ಜೀವಾಮೃತದಲ್ಲಿ ದಿನಾ ಕೈ ಇಡೋರು. ನಮ್ಮ ಕಣ ಸಗಣಿ ಸಾರಿಸಿದ ಕಣ. ಕಾಳಿನ ಸಿಪ್ಪೆಯ ಬಿರುಕಲ್ಲಿ ನಾಲ್ಕು ಬ್ಯಾಕ್ಟೀರಿಯಾ ಕೂತಿದ್ದರೂ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಎರಡು ದಿನಕ್ಕೆ ಅವು ಕೋಟಿಗಟ್ಟಲೆ ಆಗುತ್ತವೆ. ಆಮೇಲೆ ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಸೋಪು ಹಾಕಿ ಕೈ ತೊಳೆದು, ಬಟ್ಟೆಯನ್ನ ಪ್ರತಿ ಸಲ ಕುದಿಸಿ ಒಣಗಿಸಿ, ಮೊಳಕೆಯನ್ನ ಬೇಯಿಸಿ ತಿನ್ನಿ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ಎದ್ದವರಿಗೆ ಹಸಿ ಮೊಳಕೆ ಕೊಡಲೇಬೇಡಿ. ನಮ್ಮ ಹಿರಿಯರ ಉಸ್ಲಿ, ಸಾರು ಎರಡೂ ಬೇಯಿಸಿದ ಅಡುಗೆಗಳೇ. ಹಸಿ ಮೊಳಕೆ ಬಟ್ಟಲು ಜಿಮ್ ಕಾಲದ್ದು.

ಮೊಳಕೆ ಬಟ್ಟೆಯೇ ಬೀಜ ಪರೀಕ್ಷೆ

ರೈತರಿಗೆ ಮಾತ್ರ ಸಿಗೋ ಒಂದು ಲಾಭ ಇದರಲ್ಲಿದೆ. ಅಡುಗೆಗೆ ಮೊಳಕೆ ಕಟ್ಟೋ ದಿನ ಅದೇ ಚೀಲದಿಂದ 100 ಕಾಳು ಎಣಿಸಿ, ಒದ್ದೆ ಬಟ್ಟೆ ಮೇಲೆ ಸಾಲಾಗಿ ಇಟ್ಟು ಸುತ್ತಿಡಿ. ಮೊಳೆತದ್ದನ್ನ ಎಣಿಸಿದರೆ ಅದೇ ನಿಮ್ಮ ಬೀಜದ ಮೊಳಕೆ ಪ್ರಮಾಣ. ಪ್ರಮಾಣಿತ ರಾಗಿ ಬೀಜಕ್ಕೆ ಕನಿಷ್ಠ ಶೇ. 75 ಇರಬೇಕು ಅನ್ನೋದು ನಿಯಮ. ಜಿಪಿಯು-28, ಎಂಎಲ್-365, ಎಂಆರ್-6 ಯಾವುದೇ ಇರಲಿ, ನೀವೇ ಎತ್ತಿಟ್ಟ ರಾಗಿ ಅಷ್ಟು ಮೊಳೆತರೆ ಮುಂದಿನ ಮುಂಗಾರಿಗೆ ಬೀಜ ಮನೆಯಲ್ಲೇ ಇದೆ ಅಂತ ಅರ್ಥ. ತಳಿ ಬೆರಕೆ ಆಗದಂತೆ, ಒಳ್ಳೆ ತೆನೆ ಆರಿಸಿ ಇಟ್ಟಿರಬೇಕು, ಅಷ್ಟೇ.

ಅರ್ಧಕ್ಕರ್ಧ ಮೊಳೆಯದಿದ್ದರೆ ಆ ರಾಗಿ ಬಿತ್ತನೆಗೂ ಬೇಡ, ಮೊಳಕೆ ಹಿಟ್ಟಿಗೂ ಬೇಡ. ಸತ್ತ ಕಾಳು ಬಟ್ಟೆಯೊಳಗೆ ಮೊಳೆಯಲ್ಲ, ಕೊಳೆಯುತ್ತೆ. ಇಡೀ ಗಂಟು ವಾಸನೆ ಬರೋದಕ್ಕೆ ಹೆಚ್ಚಾಗಿ ಇದೇ ಕಾರಣ. ಅಂದರೆ ಒಳ್ಳೆ ಮೊಳಕೆ ಬೇಕು ಅಂದರೆ ಒಕ್ಕಣೆ ಸರಿಯಾಗಿರಬೇಕು, ಒಣಗಿಸೋದು ಸರಿಯಾಗಿರಬೇಕು, ಸಂಗ್ರಹ ಸರಿಯಾಗಿರಬೇಕು. ಇದನ್ನ ಅಂಗಡಿಯವನು ನೋಡಿಕೊಳ್ಳೋಕೆ ಆಗಲ್ಲ, ಬೆಳೆದವರೇ ನೋಡಿಕೊಳ್ಳಬೇಕು.

ಇನ್ನು ಮಾರೋ ಮಾತು

‘ಅಕ್ಕಾ, ಮಾಲ್ಟ್ ಯೂನಿಟ್ ಹಾಕ್ಬೇಕು, ಡ್ರೈಯರ್‌ಗೆ ಎಷ್ಟಾಗುತ್ತೆ?’ ಅಂತ ಕೇಳೋರು ಬಹಳ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆದಮೇಲಂತೂ ಜಾಸ್ತಿ. ಮಾಡಬೇಡಿ ಅನ್ನಲ್ಲ, ಮಾಡಲೇಬೇಕು. ಬೆಲೆಯ ಪಾಲು ಬೆಳೆದವರಿಗೂ ಬರಲಿ. ಆದರೆ ಮೆಷಿನ್‌ನಿಂದ ಶುರು ಮಾಡಬೇಡಿ. ಆರು ತಿಂಗಳು ಮನೆಗೆ, ನೆಂಟರಿಗೆ, ಅಕ್ಕಪಕ್ಕದವರಿಗೆ ಮಾಡಿ. ಮಳೆಗಾಲದಲ್ಲಿ ಒಣಗಿಸೋ ಕಷ್ಟ, ಬೇಸಿಗೆಯಲ್ಲಿ ಹುಳಿ ಬರೋ ಕಷ್ಟ ಎರಡೂ ಅನುಭವಕ್ಕೆ ಬರಲಿ. ನಮ್ಮಲ್ಲಿ 10 ಕೆ.ಜಿ. ರಾಗಿ ಕೇರಿ, ಮೊಳಕೆ ಕಟ್ಟಿ, ಬೀಸಿದ ಮೇಲೆ ಕೈಗೆ ಸಿಗೋದು 8ರಿಂದ 8.5 ಕೆ.ಜಿ. ಹಿಟ್ಟು. ಈ ನಷ್ಟ, ಎರಡು ಮೂರು ದಿನದ ಕೂಲಿ, ಬೀಸೋ ಖರ್ಚು, ಪ್ಯಾಕಿಂಗ್, ಮಾರದೆ ಉಳಿದ ಮಾಲು ಎಲ್ಲ ಲೆಕ್ಕಕ್ಕೆ ಹಿಡಿಯದೆ ‘49 ರೂಪಾಯಿ ರಾಗಿ, 300 ರೂಪಾಯಿ ಹಿಟ್ಟು’ ಅಂತ ಕನಸು ಕಂಡರೆ ಬ್ಯಾಂಕ್ ಕಂತು ಕಟ್ಟೋವಾಗ ಎಚ್ಚರ ಆಗುತ್ತೆ.

ಮಾರೋಕೆ ಹೊರಟರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಪ್ಯಾಕೆಟ್ ಮೇಲೆ ತಯಾರಿಸಿದ ದಿನ ಬರೀರಿ. ಮೊಳಕೆ ಕಟ್ಟಿದ್ದೋ, ಬರೀ ಹುರಿದದ್ದೋ ಸ್ಪಷ್ಟವಾಗಿ ಬರೀರಿ. ‘ಕೊಳ್ಳುವವರಿಗೆ ಗೊತ್ತಾಗಲ್ಲ’ ಅಂತ ಬರೀ ಹುರಿಹಿಟ್ಟನ್ನ ಮೊಳಕೆ ಹಿಟ್ಟು ಅಂತ ಮಾರೋರು ಇದ್ದಾರೆ. ನಾವು ಆ ಸಾಲಿಗೆ ಸೇರಬಾರದು. ಸಕ್ಕರೆ ಕಾಯಿಲೆ ವಾಸಿಯಾಗುತ್ತೆ, ರಕ್ತ ಒಂದೇ ತಿಂಗಳಲ್ಲಿ ಏರುತ್ತೆ ಅಂತ ಬರೆಯಬೇಡಿ. ಸಕ್ಕರೆ ಕಾಯಿಲೆ ಇರೋರಿಗಂತೂ ಪಿಷ್ಟ ಒಡೆದ ಮಾಲ್ಟ್ ಗಂಜಿ ಬೇಗ ಜೀರ್ಣವಾಗಿ ಸಕ್ಕರೆ ಬೇಗ ಏರಿಸಬಹುದು. ಮಗುವಿಗೆ ಯಾವುದು ವರವೋ ಅದೇ ಇಲ್ಲಿ ತೊಡಕು. ಅಂಥವರು ಕೇಳಿದರೆ ಮಾಲ್ಟ್ ಬಿಟ್ಟು ಮೊಳಕೆ ಹೆಸರುಕಾಳು ಪಲ್ಯ ತಿನ್ನಿ ಅನ್ನೋ ಧೈರ್ಯ ನಮಗಿರಬೇಕು. ಒಂದು ಪ್ಯಾಕೆಟ್ ಕಡಿಮೆ ಹೋದರೂ ಆ ಗಿರಾಕಿ ಮತ್ತೆ ಬರ್ತಾರೆ.

ಕೊನೆಯದಾಗಿ ಒಂದು ಮಾತು, ಇದು ಹುಡುಗರಿಗೆ. ಮೊಳಕೆ ಕಟ್ಟೋದು ಅಮ್ಮನ ಕೆಲಸ, ಹೆಂಡತಿ ಕೆಲಸ ಅಂತ ದೂಡಬೇಡಿ. ಹಾಲು ಕರೆದು, ಕಳೆ ಕಿತ್ತು, ಅಡುಗೆ ಮಾಡಿ ಸುಸ್ತಾದವರ ತಲೆಗೆ ಇನ್ನೊಂದು ‘ಪೌಷ್ಟಿಕ’ ಕೆಲಸ ಹೇರಿದರೆ ಅದು ಎರಡು ವಾರದಲ್ಲಿ ನಿಂತುಹೋಗುತ್ತೆ, ನ್ಯಾಯವೂ ಅಲ್ಲ. ಬೀಜೋಪಚಾರ ಗೊತ್ತಿರೋ ಕೈಗೆ ಇದು ಕಷ್ಟದ ಕೆಲಸವೇ ಅಲ್ಲ. ಫೋನ್‌ನಲ್ಲಿ ಮೂರು ಅಲಾರಂ ಇಟ್ಟುಕೊಳ್ಳಿ: ನೆನೆಸೋಕೆ, ಕಟ್ಟೋಕೆ, ನೀರು ಚಿಮುಕಿಸೋಕೆ. ಭಾನುವಾರ ರಾತ್ರಿ ಎರಡು ಹಿಡಿ ಹುರುಳಿಕಾಳು ನೆನೆಹಾಕಿದರೆ ಬುಧವಾರ ಮುದ್ದೆಗೆ ಮೊಳಕೆ ಸಾರು ಸಿದ್ಧ. ಅಷ್ಟರಿಂದ ಶುರು ಮಾಡಿ. ರಾಗಿಯದ್ದು ಬಿಸಿಲು ನೋಡಿಕೊಂಡು ಮುಂದಿನ ವಾರ.